ಕಾರ್ಡ್ ಮಾರುವ ಮುನ್ನ ಕಂಪ್ಯೂಟರನ್ನು ಪರೀಕ್ಷಿಸಲಿ

ಮಾನ್ಯ ಸಂಪಾದಕರೇ,

ಪರೀಕ್ಷೆ ಮುಗಿಸಿದ ಮಕ್ಕಳು ಮನೆಯಲ್ಲಿರುವ ಈ ದಿನಗಳಲ್ಲಿ, ದೊಡ್ಡ ಆಟ ತೆರೆದರೆ ಚಿತ್ರ ತಡೆತಡೆದು ಓಡುತ್ತದೆ ಎಂಬ ದೂರಿನೊಂದಿಗೆ ತುಮಕೂರಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವ ಪೋಷಕರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಆಟದ ಚಿತ್ರಗಳನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡನ್ನು ಹೊಸದಾಗಿ ಹಾಕಿಸಿ. ನನ್ನ ಅಣ್ಣನ ಮಗನಿಗೂ ನಗರದ ಅಂಗಡಿಯೊಂದರಲ್ಲಿ ಕ್ಯಾಬಿನೆಟ್ಟನ್ನು ತೆರೆಯದೆಯೇ ಮೂವತ್ತು ಸಾವಿರ ರೂಪಾಯಿಯ ಕೊಟೇಷನ್ ಬರೆದುಕೊಟ್ಟರು. ಮನೆಯಲ್ಲಿ ನೋಡಿದರೆ, ಮಾನಿಟರಿನ ಎಚ್‌ಡಿಎಂಐ ಕೇಬಲ್ಲನ್ನು ಕಾರ್ಡಿಗೆ ಹಾಕುವ ಬದಲು ಅದರ ಮೇಲ್ಗಡೆ ಇರುವ ಮದರ್‌ಬೋರ್ಡಿನ (ಮುಖ್ಯ ಫಲಕದ) ಪೋರ್ಟಿಗೆ ಸಿಕ್ಕಿಸಲಾಗಿತ್ತು. ಇದ್ದ ಕಾರ್ಡು ಕೆಲಸವಿಲ್ಲದೆ ಕುಳಿತು, ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸ್ ಭಾಗವೇ ಇಡೀ ಆಟದ ಭಾರ ಹೊತ್ತಿತ್ತು. ಕೇಬಲ್ ಬದಲಿಸಿದ್ದಕ್ಕೆ ಖರ್ಚೇನೂ ಆಗಲಿಲ್ಲ.

ತೊಂದರೆ ಕಾರ್ಡಿನದೋ ಪ್ರೊಸೆಸರಿನದೋ ಎಂಬುದನ್ನು ತಿಳಿಯಲು ವಿಶೇಷ ಉಪಕರಣ ಬೇಕಿಲ್ಲ. ಆಟದ ರೆಸಲ್ಯೂಶನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿದರೆ ಪ್ರತಿ ಚಿತ್ರದಲ್ಲಿ ಕಾರ್ಡು ಬಿಡಿಸಬೇಕಾದ ಚುಕ್ಕೆಗಳು 20,73,600ರಿಂದ 9,21,600ಕ್ಕೆ ಇಳಿಯುತ್ತವೆ. ಹೀಗೆ ಅರ್ಧಕ್ಕಿಂತ ಹೆಚ್ಚು ಭಾರ ಇಳಿದ ಮೇಲೂ ಸೆಕೆಂಡಿಗೆ ಮೂಡುವ ಚಿತ್ರಗಳ (ಫ್ರೇಮುಗಳ) ಸಂಖ್ಯೆ ಏರದಿದ್ದರೆ ಅಡ್ಡಿ ಇರುವುದು ಪ್ರೊಸೆಸರಿನಲ್ಲೋ ರ‍್ಯಾಮಿನಲ್ಲೋ ಹೊರತು ಕಾರ್ಡಿನಲ್ಲಲ್ಲ; ಅಂಥ ಕಂಪ್ಯೂಟರಿಗೆ ಎಷ್ಟು ದುಬಾರಿಯ ಕಾರ್ಡು ಹಾಕಿದರೂ ಹಣ ನೀರುಪಾಲು.

ರ‍್ಯಾಮಿನ ವಿಷಯ ಇನ್ನಷ್ಟು ಉಪೇಕ್ಷಿತ. ಅಸೆಂಬಲ್ ಮಾಡಿಸಿದ ಎಷ್ಟೋ ಕಂಪ್ಯೂಟರುಗಳಲ್ಲಿ 16 ಜಿಬಿಯ ಒಂದೇ ಸ್ಟಿಕ್ ಇರುತ್ತದೆ, ಪಕ್ಕದ ಸ್ಲಾಟ್ ಖಾಲಿ. ಅದೇ 16 ಜಿಬಿಯನ್ನು ಎಂಟೆಂಟರ ಜೋಡಿಯಾಗಿ ಸರಿಯಾದ ಸ್ಲಾಟುಗಳಲ್ಲಿ ಹಾಕಿದರೆ ಮಾಹಿತಿ ಸಾಗುವ ಹಾದಿ ಎರಡುಪಟ್ಟು ಅಗಲವಾಗುತ್ತದೆ. 3200ರ ವೇಗವೆಂದು ಹಣ ಕೊಟ್ಟು ತಂದ ಡಿಡಿಆರ್4 ರ‍್ಯಾಮ್, ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ, ಆ ವೇಗವನ್ನು ಜಾರಿಗೊಳಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಆನ್ ಮಾಡದ ಕಾರಣ, ಅನೇಕ ವೇಳೆ 2133 ಅಥವಾ 2400ರಲ್ಲೇ ಉಳಿದಿರುತ್ತದೆ. ಸಂಗ್ರಹದ ವಿಷಯವೂ ಹಾಗೆಯೇ: 2020ರ ಡಿಸೆಂಬರಿನಲ್ಲಿ ಬಂದ ಸೈಬರ್‌ಪಂಕ್ 2077 ಆಟಕ್ಕೆ ಮೊದಲು ಹಾರ್ಡ್ ಡಿಸ್ಕ್ ಮತ್ತು 8 ಜಿಬಿ ರ‍್ಯಾಮ್ ಸಾಕೆಂದಿದ್ದ ತಯಾರಕರೇ 2023ರಲ್ಲಿ ಕನಿಷ್ಠ ಅಗತ್ಯವನ್ನು ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಮತ್ತು 12 ಜಿಬಿಗೆ ಏರಿಸಿದರು.

ಆಟ ಮೊದಲ ಹತ್ತು ನಿಮಿಷ ಸರಾಗವಾಗಿದ್ದು ಆಮೇಲೆ ಕುಂಟತೊಡಗಿದರೆ ಅದು ಶಾಖದ ಲಕ್ಷಣ. ಪ್ರೊಸೆಸರಿನ ಬಿಸಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮೂರಿನ ರಸ್ತೆಗಳ ಧೂಳು ಮನೆಯೊಳಗೆ ಬರುವ ಪ್ರಮಾಣ ಎಲ್ಲರಿಗೂ ಗೊತ್ತಿರುವುದೇ. ಸಾಲದ್ದಕ್ಕೆ ಕ್ಯಾಬಿನೆಟ್ಟನ್ನು ಮರದ ಮೇಜಿನ ಗೂಡಿನೊಳಗೆ ಗೋಡೆಗೆ ಒತ್ತಿ ಇಡುವ ರೂಢಿ ಬೇರೆ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ರಷ್ಷಿನಲ್ಲಿ, ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ಎಡೆಗಳನ್ನು ಶುಚಿ ಮಾಡಿ, ಅವೆರಡರ ನಡುವೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು ಅರ್ಧ ಗಂಟೆಯ ಕೆಲಸ.

ಕಾರ್ಡೇ ದುರ್ಬಲವೆಂದು ಖಚಿತವಾದ ಮೇಲೂ ದಾರಿಗಳಿವೆ. ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ತೋರಿಸುವ ರೇ ಟ್ರೇಸಿಂಗ್ ಆಫ್ ಮಾಡಿ, ನೆರಳು ಮತ್ತು ಮಂಜಿನ ಮಟ್ಟವನ್ನು ಇಳಿಸಿದರೆ ಸಿಗುವ ಲಾಭ ದೊಡ್ಡದು. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಮಾತ್ರ ಕಾರ್ಡಿನ ಮೆಮೊರಿ ಸಾಲದಿದ್ದಾಗ ಇಳಿಸಿದರೆ ಸಾಕು. ಕಡಿಮೆ ಚುಕ್ಕೆಗಳಲ್ಲಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸಿ ಕಾರ್ಡಿನ ಭಾರ ಇಳಿಸುವ ತಂತ್ರಗಳೂ ಇವೆ: ಎನ್ವಿಡಿಯಾದ ಡಿಎಲ್‌ಎಸ್‌ಎಸ್‌ಗೆ ಅದೇ ಕಂಪನಿಯ ಆರ್‌ಟಿಎಕ್ಸ್ ಕಾರ್ಡೇ ಬೇಕಾದರೂ, ಎಎಂಡಿ 2021ರಲ್ಲಿ ತಂದ ಎಫ್‌ಎಸ್‌ಆರ್ ಹಳೆಯ ಜಿಟಿಎಕ್ಸ್ ಕಾರ್ಡುಗಳಲ್ಲೂ ನಡೆಯುತ್ತದೆ.

ಆದ್ದರಿಂದ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟು: ಗಿರಾಕಿಯ ಎದುರಿನಲ್ಲೇ ಕಾಲು ಗಂಟೆ ಆಟ ಓಡಿಸಿ, ಪ್ರೊಸೆಸರ್ ಮತ್ತು ಕಾರ್ಡಿನ ಬಿಸಿ, ಬಳಕೆಯ ಪ್ರಮಾಣ ಹಾಗೂ ರ‍್ಯಾಮಿನ ವೇಗವನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟು, ಆ ಪರೀಕ್ಷೆಗೆ ನ್ಯಾಯವಾದ ಶುಲ್ಕ ಪಡೆಯಲಿ. ಮುನ್ನೂರು ರೂಪಾಯಿಯ ಸರ್ವಿಸ್ ಚಾರ್ಜಿಗೆ ಚೌಕಾಸಿ ಮಾಡಿ ಮೂವತ್ತು ಸಾವಿರದ ಕಾರ್ಡನ್ನು ಮರುಮಾತಿಲ್ಲದೆ ಕೊಳ್ಳುವ ನಮ್ಮಂಥ ಗಿರಾಕಿಗಳಿಂದಲೇ ಅಂಗಡಿಯವರು ಮಾರಾಟವನ್ನೇ ನೆಚ್ಚಿಕೊಂಡಿದ್ದಾರೆ ಎಂಬುದನ್ನೂ ಒಪ್ಪಬೇಕು. ಪರೀಕ್ಷೆಯ ನಂತರವೂ ಕಾರ್ಡೇ ಬೇಕೆಂದಾದರೆ, ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ, ಈಗಿರುವ ಎಸ್‌ಎಂಪಿಎಸ್ ಅದರ ವ್ಯಾಟ್ ತಾಳುತ್ತದೆಯೇ ಎಂಬುದನ್ನೂ ಅದೇ ಚೀಟಿಯಲ್ಲಿ ನಮೂದಿಸಲಿ.

– ಒಬ್ಬ ಓದುಗ, ಕ್ಯಾತ್ಸಂದ್ರ, ತುಮಕೂರು