ಮೊಬೈಲ್ ಮತ್ತು ಮಕ್ಕಳ ಕಾಗುಣಿತ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡಿದ ಮೇಲೆ ನಿಮ್ಮಲ್ಲಿ ಹಲವರು ಬಂದು ಒಂದೇ ಮಾತು ಹೇಳಿದಿರಿ: "ಮೇಡಂ, ಈ ವಾಟ್ಸ್‌ಆ್ಯಪ್ ಬಂದು ಮಕ್ಕಳ ಕನ್ನಡ ಹಾಳಾಯ್ತು." ಕೆಲವರು ಮೊಬೈಲನ್ನೇ ಕಿತ್ತಿಟ್ಟಿದ್ದೀರಂತೆ. ನಿಮ್ಮ ಚಿಂತೆ ಸುಳ್ಳೇನಲ್ಲ. ಆದರೆ ಬೈಯುವ ಮುಂಚೆ ಅದರ ತಪ್ಪು ಎಷ್ಟು, ಎಲ್ಲಿ ಅಂತ ನೋಡಬೇಕು ಅಲ್ವಾ? ಅದಕ್ಕೇ ಈ ಪತ್ರ.

ಮಕ್ಕಳು ಪದಗಳನ್ನು ಮೊಟಕು ಮಾಡಿ ಬರೆಯುವುದನ್ನು ಕಂಡರೆ ನಮಗೆಲ್ಲ ಸಿಟ್ಟು ಬರುತ್ತದೆ. ನನ್ನನ್ನು ಕೇಳಿದರೆ, ಅದರ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಈಗ ಎಲ್ಲ ಮಕ್ಕಳ ಬಾಯಲ್ಲಿರುವ 'ಓಎಂಜಿ'ಯನ್ನು (ಓ ಮೈ ಗಾಡ್) 1917ರಲ್ಲೇ ಬ್ರಿಟನ್ನಿನ ಅಡ್ಮಿರಲ್ ಫಿಶರ್ ಅವರು ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಬಳಸಿದ್ದರು. ಆಗ ಅವರಿಗೆ 76 ವರ್ಷ! ನಾವೂ ಕ್ರಿ.ಶ., ಉದಾ., ಚಿ|| ಅಂತ ಬರೆದೇ ದೊಡ್ಡವರಾದವರು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಗ್ಲೆಂಡಿನ ಕವೆಂಟ್ರಿ ವಿಶ್ವವಿದ್ಯಾಲಯದವರು 10ರಿಂದ 12 ವರ್ಷದ ಮಕ್ಕಳ ಕೈಲಿ ಮೆಸೇಜ್ ಬರೆಸಿ ನೋಡಿದರು. ಮೊಟಕು ರೂಪಗಳನ್ನು ಜಾಸ್ತಿ ಬಳಸಿದ ಮಕ್ಕಳ ಓದುವ ಶಕ್ತಿ ಕೆಟ್ಟಿರಲಿಲ್ಲ, ಬದಲಿಗೆ ಸ್ವಲ್ಪ ಚೆನ್ನಾಗಿಯೇ ಇತ್ತು. ಪದವನ್ನು ಮೊಟಕು ಮಾಡಬೇಕಾದರೆ ಅದರ ಶಬ್ದ ಕಿವಿಗೆ ಸರಿಯಾಗಿ ಗೊತ್ತಿರಬೇಕಲ್ಲ. ಇದು ಇಂಗ್ಲಿಷಿನ ಕಥೆ, ಕನ್ನಡಕ್ಕೆ ಹಾಗೇ ಅನ್ವಯಿಸುವಂತಿಲ್ಲ ಅನ್ನುವುದೂ ನಿಜ.

ಇನ್ನು 'ಹಾರ್ಧಿಕ ಸ್ವಾಗತ', 'ಶುಭಾಷಯ', 'ಆರ್ಶೀವಾದ', 'ವಿಧ್ಯಾರ್ಥಿ' ಇಂಥ ತಪ್ಪು ಕಾಗುಣಿತಗಳೆಲ್ಲ ಮೊಬೈಲ್ ಬರುವುದಕ್ಕೆ ಮೊದಲೇ ಬ್ಯಾನರುಗಳ ಮೇಲೆ ಇದ್ದವು. ಬರೆಸಿದವರು ಮಕ್ಕಳಲ್ಲ, ದೊಡ್ಡವರು.

ನನಗೆ ನಿಜವಾಗಿ ಚಿಂತೆ ಹುಟ್ಟಿಸಿರುವುದು ಬೇರೆ. ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದಾರೆ. ಅವರಿಗೆ ಕಲಿಸಿದವರು ನಾವೇ. ಮೊದಲ ಎಸ್‌ಎಂಎಸ್ ಹೋದದ್ದು 1992ರಲ್ಲಿ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಸುತ್ತಿತ್ತು, ಕನ್ನಡವಾದರೆ 70 ಚಿಹ್ನೆ ಅಷ್ಟೇ. ಅದರಲ್ಲೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅನ್ನುವ ಒಂದಕ್ಷರಕ್ಕೆ ಆರು ಜಾಗ ಬೇಕು. ಹಳೆಯ ಎಷ್ಟೋ ಫೋನುಗಳಲ್ಲಿ ಕನ್ನಡ ಬರುತ್ತಲೇ ಇರಲಿಲ್ಲ, ಬರೀ ಚೌಕ ಡಬ್ಬಿಗಳು ಕಾಣುತ್ತಿದ್ದವು. ಹಾಗಾಗಿ ಇಂಗ್ಲಿಷ್ ಅಕ್ಷರ ಅಭ್ಯಾಸವಾಯಿತು. ಈಗಿನ ವಾಟ್ಸ್‌ಆ್ಯಪ್‌ನಲ್ಲಿ ಆ ಕಷ್ಟ ಯಾವುದೂ ಇಲ್ಲ. ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಅದರಿಂದ ಏನಾಗುತ್ತದೆ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಕಾಲು ಮತ್ತು ಕಾಳು ಒಂದೇ, ಹಾಲು ಮತ್ತು ಹಾಳು ಒಂದೇ. ಓದುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ಚಾಟ್ ಸಾಗುತ್ತದೆ. ಆದರೆ ದಿನವೂ ಹೀಗೆ ಬರೆಯುವ ಮಗುವಿಗೆ ಲ ಬೇಕೋ ಳ ಬೇಕೋ, ದೀರ್ಘ ಇದೆಯೋ ಇಲ್ಲವೋ ಅಂತ ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಈ ಸಲದ ಪ್ರಬಂಧವೊಂದರಲ್ಲಿ "ಈ ವರ್ಷ ರೈತನಿಗೆ ಒಳ್ಳೆಯ ಬೆಲೆ ಬಂದಿದೆ" ಅಂತಿತ್ತು. ಬೆಲೆ ಬಂದಿದೆಯೋ, ಬೆಳೆ ಬಂದಿದೆಯೋ? ಹಿಂದಿನ ನಾಲ್ಕು ಸಾಲು ಮಳೆಯ ಬಗ್ಗೆ ಇತ್ತು, ಆದ್ದರಿಂದ ಬೆಳೆ ಇರಬೇಕು ಅಂತ ಟೀಚರ್ ಊಹಿಸಿದರು. ಒಳ್ಳೆ ಬೆಳೆ ಬಂದ ವರ್ಷ ಬೆಲೆ ಬಿದ್ದುಹೋಗುವುದೂ ಉಂಟಲ್ಲ!

ಫೋನಿನ ಸಲಹೆ ಪಟ್ಟಿ ಇದನ್ನು ಹಿಡಿಯುತ್ತದೆ ಅಂತ ನಂಬಬೇಡಿ. ಎರಡೂ ಸರಿಯಾದ ಪದಗಳೇ ಆದ್ದರಿಂದ ಅದು ಸುಮ್ನೆ ಬಿಟ್ಟುಬಿಡುತ್ತದೆ. ಮಕ್ಕಳಂತೂ ಮೊದಲು ಕಂಡ ಪದವನ್ನೇ ಒತ್ತಿ ಮುಂದೆ ಹೋಗುತ್ತಾರೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ 'ನುಡಿ' ಕೀಲಿಮಣೆ ಈ ವಿಷಯದಲ್ಲಿ ವಾಸಿ. ಅಲ್ಲಿ ಲ ಮತ್ತು ಳ ಒಂದೇ ಕೀಲಿಯಲ್ಲಿವೆ, ಶಿಫ್ಟ್ ಒತ್ತಿದರೆ ಳ ಬರುತ್ತದೆ. ಯಾವುದು ಬೇಕು ಅಂತ ಒತ್ತುವವರಿಗೇ ಗೊತ್ತಿರಬೇಕು.

ವ್ಯಾಕರಣದ ಮಾತಿಗೆ ಬರುತ್ತೇನೆ. ಚಾಟ್‌ನಲ್ಲಿ "ಬರ್ತಿದೀನಿ", "ನಂಗೊತ್ತಿಲ್ಲ" ಅಂತ ಬರೆದರೆ ನನ್ನ ಆಕ್ಷೇಪಣೆ ಇಲ್ಲ. ಅದು ಮಾತು, ಬೆರಳಲ್ಲಿ ಆಡಿದ ಮಾತು. ರಜೆ ಚೀಟಿಯಲ್ಲೂ "ಮಾನ್ಯರೇ, ನಂಗೆ ಜ್ವರ ಸೋ ರಜ ಬೇಕು" ಅಂತ ಬಂದರೆ ಮಾತ್ರ ತಿದ್ದಿ ಬರೆಸುತ್ತೇವೆ. ಇದು ಬೇಗ ಸರಿಹೋಗುತ್ತದೆ. ಎಲ್ಲಿ ಹೇಗೆ ಬರೆಯಬೇಕು ಅಂತ ಹೇಳಿಕೊಟ್ಟರೆ ಮಕ್ಕಳಿಗೆ ತಿಳಿಯುತ್ತದೆ.

ಬೇಗ ಸರಿಹೋಗದ್ದು ಉದ್ದ ವಾಕ್ಯ. ಎಂಟನೇ ತರಗತಿಯ ಒಂದು ಪ್ರಬಂಧದ ಸಾಲು ಇದು: "ನಮ್ಮ ತರಗತಿಯ ಮಕ್ಕಳು ಪ್ರವಾಸ ಹೋದಾಗ ಅಲ್ಲಿ ತುಂಬಾ ಮರಗಳು ಇದ್ದವು ಅದನ್ನು ನೋಡಿ ಖುಷಿ ಆಯಿತು ಆಮೇಲೆ ಎಲ್ಲರೂ ಆಟ ಆಡಿದೆವು". ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ 'ಮಕ್ಕಳು' ಅಂತ ಶುರುವಾದದ್ದು ಕೊನೆಗೆ 'ಆಡಿದೆವು' ಆಗಿದೆ. ಮರಗಳು 'ಅದು' ಆಗಿವೆ. ಒಂದು ಪೂರ್ಣವಿರಾಮವೂ ಇಲ್ಲ. ಚಾಟ್‌ನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ, ಅಲ್ಲಿ ಸೆಂಡ್ ಬಟನ್ನೇ ಪೂರ್ಣವಿರಾಮ. ನಾಲ್ಕು ಪದ ಒತ್ತಿದರೆ ಒಂದು ಮೆಸೇಜ್ ಮುಗಿಯಿತು, ಮತ್ತೆ ನಾಲ್ಕು ಪದ. ಹೇಗೆ ಶುರು ಮಾಡಿದೆ ಅಂತ ನೆನಪಿಟ್ಟುಕೊಂಡು ಕೊನೆವರೆಗೆ ಹೋಗುವ ಕೆಲಸ ಅಲ್ಲಿ ಇಲ್ಲ. ಕಳಿಸಿದ್ದನ್ನು ತಿರುಗಿ ಓದುವ ರೂಢಿಯೂ ಇಲ್ಲ. ನನ್ನ ಪ್ರಕಾರ ದೊಡ್ಡ ನಷ್ಟ ಇದೇ.

ಆದ್ದರಿಂದ ಮುಂದಿನ ವಾರದಿಂದ 6ರಿಂದ 10ನೇ ತರಗತಿಯ ಮಕ್ಕಳು ವಾರಕ್ಕೊಮ್ಮೆ ಅರ್ಧ ಪುಟ ಕೈಯಲ್ಲಿ ಬರೆಯುತ್ತಾರೆ. ವಿಷಯ ಅವರಿಗೇ ಬಿಟ್ಟದ್ದು. ಆ ದಿನ ಟೀಚರ್ ಕೆಂಪು ಪೆನ್ನು ಮುಟ್ಟುವುದಿಲ್ಲ. ಮರುದಿನ ಮಗು ತಾನು ಬರೆದದ್ದನ್ನು ಗಟ್ಟಿಯಾಗಿ ಓದಿ, ತಾನೇ ಪೆನ್ಸಿಲ್‌ನಲ್ಲಿ ತಿದ್ದಬೇಕು. ಕಣ್ಣು ಹಾರಿಸುವ ತಪ್ಪು ಎಷ್ಟೋ ಸಲ ಕಿವಿಗೆ ಸಿಗುತ್ತದೆ. ಕಂಪ್ಯೂಟರ್ ತರಗತಿಯಲ್ಲಿ ಕನ್ನಡ ಟೈಪಿಂಗ್ ಕೂಡ ಶುರು ಮಾಡುತ್ತೇವೆ. ತಪ್ಪು ಪದವನ್ನು ನೂರು ಸಲ ಬರೆಸುವ ಇಂಪೋಸಿಷನ್ ಮಾತ್ರ ಇರುವುದಿಲ್ಲ. ಅದರಿಂದ ಕೈ ನೋಯುತ್ತದೆ, ಕಾಗುಣಿತ ಬರುವುದಿಲ್ಲ.

ನಿಮ್ಮಿಂದ ಕೇಳುವುದು ಜಾಸ್ತಿ ಏನಿಲ್ಲ. ಮಕ್ಕಳಿಗೆ ಮೆಸೇಜ್ ಮಾಡುವಾಗ ಕನ್ನಡ ಲಿಪಿಯಲ್ಲೇ ಮಾಡಿ. ಟೈಪ್ ಮಾಡಲು ಬೇಜಾರಾದರೆ ಬಾಯಲ್ಲಿ ಹೇಳಿ ಬರೆಸಿ, ಪರವಾಗಿಲ್ಲ, ಕಳಿಸುವ ಮುಂಚೆ ಒಮ್ಮೆ ಓದಿ ನೋಡಿ. ಮನೆಯವರ ಗ್ರೂಪಿನಲ್ಲಿ ಎಲ್ಲರೆದುರು ಮಗುವಿನ ಕಾಗುಣಿತ ತಿದ್ದಬೇಡಿ. ಆಮೇಲೆ ಅದು ಬರೆಯುವುದನ್ನೇ ಬಿಟ್ಟು ಇಮೋಜಿ ಕಳಿಸುತ್ತದೆ. ಶಾಲೆಯ ಗ್ರೂಪಿನಲ್ಲಿ ನಮ್ಮ ಶಿಕ್ಷಕರ ಸೂಚನೆಗಳೂ ಇನ್ನು ಮೇಲೆ ಪೂರ್ತಿ ವಾಕ್ಯಗಳಲ್ಲಿ, ಕನ್ನಡ ಲಿಪಿಯಲ್ಲಿ ಬರುತ್ತವೆ.

ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ಮಕ್ಕಳು ಮೊಬೈಲ್ ಮುಟ್ಟದಿದ್ದರೂ ಅಕ್ಷರ ತಪ್ಪುತ್ತಲೇ ಇರುತ್ತಾರೆ. ಗಟ್ಟಿಯಾಗಿ ಓದಲು ತಡವರಿಸುತ್ತಾರೆ, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುತ್ತಾರೆ. ಇದು ಸೋಮಾರಿತನ ಅಲ್ಲದಿರಬಹುದು, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇರಬಹುದು. ಅದನ್ನು ತಜ್ಞರಿಗೆ ತೋರಿಸಬೇಕಾಗುತ್ತದೆ. ನಿಮ್ಮ ಮಗುವಿನಲ್ಲಿ ಹೀಗೆ ಕಂಡಿದ್ದರೆ ಪೋಷಕರ ಸಭೆವರೆಗೆ ಕಾಯಬೇಡಿ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೊತ್ತು ನಾನು ಕಚೇರಿಯಲ್ಲೇ ಇರುತ್ತೇನೆ. ಮಗುವಿನ ಎರಡು ನೋಟ್‌ಬುಕ್ ತಂದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ