ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪುಟ್ಟಿ,

ಮನೆ ವಿಷ್ಯ ಎಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರ್ತಾಳೆ, ಅದು ಬಿಡು. ನಿನ್ನ ಕಾಗದದಲ್ಲಿ ಸ್ಪೇನಿನ ಗ್ರಾನಡಾದ ಚಳಿ, ರೂಮು, ಇಂಗ್ಲಿಷ್ ಟೀಚರ್ ಕೆಲಸದ ಸಂಬಳ ಎಲ್ಲ ಓದ್ಕೊಂಡು ಹೋದೆ, ಆದ್ರೆ ಕೊನೇಲಿ ಬರ್ದಿದ್ಯಲ್ಲ, ಒಬ್ಬ ಹುಡುಗನ ತಾಯಿ ಬಂದು "ಟೀಚರ್ ನೇಟಿವಾ?" ಅಂದ್ರೆ ಇಂಗ್ಲಿಷ್ ಅವರ ಮನೆಮಾತಾ, ಅಂತ ಕೇಳಿದ್ರು, ಅವತ್ತಿಂದ ಕ್ಲಾಸಲ್ಲಿ ಬಾಯಿ ತೆಗೆಯೋಕೇ ಹೆದ್ರಿಕೆ ಅಂತ, ಅಲ್ಲಿಗೆ ನಿಂತೋದೆ. ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ಆ ಹೆದ್ರಿಕೆ ನಂಗೆ ಗೊತ್ತು ಕಣಮ್ಮ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಟ್ರೈನಿಂಗಲ್ಲಿ ಎಲ್ಲರ ಮುಂದೆ ನನ್ನ ಇಂಗ್ಲಿಷ್ ಉಚ್ಚಾರಣೆ ಅಣಕಿಸಿದ್ರು. ವಾಪಸ್ ಬಂದು ನಾನೇನ್ ಮಾಡ್ದೆ? ಎಂಟನೇ ಕ್ಲಾಸಲ್ಲಿ ಒಬ್ಬ ಹುಡುಗ 'ಇಸ್ಕೂಲ್' ಅಂತ ಓದಿದ್ದಕ್ಕೆ ಅವನ ಥರಾನೇ ಹೇಳಿ ತೋರಿಸ್ದೆ, ಕ್ಲಾಸೆಲ್ಲ ನಕ್ತು. ಎಸ್ಸೆಸ್ಸೆಲ್ಸಿ ಮುಗಿಯೋ ತನಕ ಅವನು ನನ್ನ ಪೀರಿಯಡ್ಡಲ್ಲಿ ಎದ್ದು ಓದ್ಲಿಲ್ಲ. ನಾನೂ ಹತ್ರ ಕರೆದು ಮಾತಾಡಿಸ್ಲಿಲ್ಲ. ನನ್ನ ಹೆದ್ರಿಕೆನ ಆ ಮಗೂಗೆ ದಾಟಿಸಿಬಿಟ್ಟೆ, ಇವತ್ತಿಗೂ ಚುಚ್ಚತ್ತೆ.

ನಿನ್ನ ಕ್ಲಾಸಿನ ಮಕ್ಳೂ 'ಎಸ್ಕೂಲ್', 'ಎಸ್ಪೇನ್' ಅಂತಾರೆ ಅಂದ್ಯಲ್ಲ, ಸ್ಪ್ಯಾನಿಷಲ್ಲಿ 'ಸ್ಕ', 'ಸ್ಪ' ಅಂತ ಪದ ಶುರುವಾಗೋದೇ ಇಲ್ಲ, ಎಸ್ಕ್ವೆಲಾ, ಎಸ್ಪಾನ್ಯಾ ಅಂತ ಮುಂದೊಂದು ಎ ಇರ್ಲೇಬೇಕು, ನನ್ನ ಹುಡುಗನ ನಾಲಿಗೆ ಮಾಡಿದ್ದೂ ಅದನ್ನೇ. ಹಾವು ಬುಸುಗುಟ್ಟೋ ಥರ 'ಸ್ಸ್ಸ್' ಅಂತ ಎಳೆದು ಆಮೇಲೆ 'ಕೂಲ್' ಸೇರಿಸೋಕೆ ಹೇಳಿ ನೋಡು. ನಾನು ಆವಾಗ ಮಾಡ್ಬೇಕಿತ್ತು. ಯಾರಾದ್ರೂ ನೆಗಡಿ ಅನ್ನೋಕೆ 'ಕಾನ್‌ಸ್ಟಿಪೇಟೆಡ್' (ಇಂಗ್ಲಿಷಲ್ಲಿ ಮಲಬದ್ಧತೆ ಆದವನು) ಅಂದ್ರೂ ನಗ್ಬೇಡ, ಅವರಲ್ಲಿ 'ಕಾನ್‌ಸ್ತಿಪಾದೋ' ಅಂದ್ರೆ ನೆಗಡಿ ಆದವನು.

ನೇಟಿವ್ ಅಲ್ಲ ಅಂತ ಹೆದರ್ತೀಯಲ್ಲ, ಸ್ಪ್ಯಾನಿಷ್ ಮಾತಾಡೋರಿಗಿರೋದು ಐದೇ ಸ್ವರ, ಹ್ರಸ್ವ ದೀರ್ಘ ಇಲ್ಲ, ಶಿಪ್ಪೂ ಶೀಪೂ ಒಂದೇ ಥರ ಕೇಳ್ಸತ್ತೆ. ನೀನು ಕಾಗುಣಿತ ತಿದ್ದಿ ಬೆಳೆದವಳು, ಇ ಬೇರೆ ಈ ಬೇರೆ ಅಂತ ಕಿವಿಗೆ ಚಿಕ್ಕಂದಿಂದ ಗೊತ್ತು (ಬರೀ ಉದ್ದದ ವಿಷ್ಯ ಅಲ್ಲ, ಬಾಯಿ ಆಕಾರಾನೂ ಬೇರೆ, ಅದು ನನಗಿಂತ ನಿಂಗೇ ಚೆನ್ನಾಗಿ ಗೊತ್ತಿರತ್ತೆ). ಎಲ್ಲಿ ಕಾಲು ಎಡವತ್ತೆ ಅನ್ನೋದು ಎಡವಿ ಕಲ್ತವಳಿಗೇ ಕಾಣೋದು.

ಆ ತಾಯಿ ಮತ್ತೆ ಕೇಳಿದ್ರೆ, ಇಲ್ಲ, ಮನೆಮಾತು ಕನ್ನಡ, ಇಂಗ್ಲಿಷ್ ಓದಿ ಕಲ್ತಿದ್ದು ಅಂತ ನೇರ ಹೇಳ್ಬಿಡು. ಅಲ್ಲಿ ಅದು ನಡೆಯತ್ತೋ ಇಲ್ವೋ, ಇಲ್ಲಿ ಕೂತು ಹೇಳೋದು ಸುಲಭ, ತಪ್ಪಿದ್ರೆ ಕ್ಷಮಿಸು.

ಮುಂದಿನ ಸಲ ಬೇರೇನೂ ಬರೀದಿದ್ರೂ ಪರವಾಗಿಲ್ಲ, ಕ್ಲಾಸಲ್ಲಿ ಬಾಯಿ ತೆಗೆದ್ಯಾ ಅನ್ನೋದೊಂದು ಬರಿ.

ನಿನ್ನ ದೊಡ್ಡಪ್ಪ