ಮಗಳಿಗೊಂದು ಪತ್ರ: ಕಾಲೇಜು ಊರಿನಲ್ಲಿ ಎರಡು ದಿನ

ಪ್ರೀತಿಯ ಮಗಳೇ,

ಮಕ್ಕಳ ರಜೆಯಲ್ಲಿ ಎಲ್ಲರೂ ಸೇರಿ ಎಲ್ಲಾದರೂ ಹೋಗಿಬರಬೇಕು, ಖರ್ಚು ಮಾತ್ರ ಕೈಮೀರಬಾರದು ಎಂದು ಕೇಳಿದ್ದೀಯಲ್ಲ. ಪ್ರವಾಸಿಗರು ಮುಗಿಬೀಳುವ ಜಾಗ ಬೇಡ. ಎರಡು ಮೂರು ಗಂಟೆಯ ದಾರಿಯಲ್ಲಿರುವ ಒಂದು ಕಾಲೇಜು ಊರನ್ನು ಆರಿಸಿಕೋ. ಹಳೆಯ, ದೊಡ್ಡ ವಿಶ್ವವಿದ್ಯಾಲಯ ಇರುವ ಊರಿನಲ್ಲಿ ವಸ್ತುಸಂಗ್ರಹಾಲಯ, ಸಸ್ಯೋದ್ಯಾನ, ಸಂಗೀತ, ನಾಟಕ, ನೆರಳಿನ ದಾರಿಗಳು ಎಲ್ಲವೂ ಒಂದೇ ಕಡೆ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಪಾಠಕ್ಕೆಂದೇ ಹುಟ್ಟಿದವು. ಹಾಗಾಗಿ ಎಷ್ಟೋ ಕಡೆ ಟಿಕೆಟ್ಟೇ ಇರುವುದಿಲ್ಲ, ಇದ್ದರೂ ಹೊರೆಯಾಗುವುದಿಲ್ಲ. ಆದರೆ ಇದೇ ಊರು ವರ್ಷದ ಕೆಲವು ದಿನ ವಿಪರೀತ ದುಬಾರಿಯಾಗುತ್ತದೆ. ಅದಕ್ಕೇ ಹೇಳುತ್ತೇನೆ, ರೂಮು ಹುಡುಕುವ ಮೊದಲು ಆ ಕಾಲೇಜಿನ ಶೈಕ್ಷಣಿಕ ವೇಳಾಪಟ್ಟಿ ಹುಡುಕು.

ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಇದನ್ನು ವರ್ಷದ ಮೊದಲೇ ಜಾಲತಾಣದಲ್ಲಿ ಹಾಕಿರುತ್ತವೆ. ಘಟಿಕೋತ್ಸವ ಯಾವಾಗ, ಹೊಸ ವಿದ್ಯಾರ್ಥಿಗಳು ಹಾಸ್ಟೆಲ್ ಸೇರುವ ವಾರ ಯಾವುದು, ದೊಡ್ಡ ಪಂದ್ಯವೋ ಕಾಲೇಜು ಉತ್ಸವವೋ ಎಂದಿದೆ, ಪರೀಕ್ಷೆ ಎಂದು ಶುರು, ಇಷ್ಟನ್ನು ಗುರುತು ಮಾಡಿಕೋ. ಮೊದಲ ಮೂರರ ಆಸುಪಾಸಿನಲ್ಲಿ ರೂಮು ಸಿಗುವುದೇ ಕಷ್ಟ. ಸಿಕ್ಕರೂ ದರ ಏರಿರುತ್ತದೆ, ಎರಡು ರಾತ್ರಿಗಿಂತ ಕಡಿಮೆ ಕೊಡುವುದಿಲ್ಲ ಎಂಬ ಷರತ್ತೂ ಇರಬಹುದು. ಊರು ಚಿಕ್ಕದು, ರೂಮುಗಳು ಇಷ್ಟೇ ಎಂದಿರುತ್ತವೆ, ಸಾವಿರಾರು ತಂದೆತಾಯಂದಿರು ಒಂದೇ ದಿನ ಬಂದಿಳಿಯುತ್ತಾರೆ. ಅಂಥ ವಾರದಲ್ಲಿ ಎಷ್ಟು ಚೌಕಾಸಿ ಮಾಡಿದರೂ ಉಪಯೋಗವಿಲ್ಲ, ತಾರೀಕನ್ನೇ ಬದಲಿಸಬೇಕು. ಪರೀಕ್ಷೆಯ ವಾರದಲ್ಲಿ ದರ ಏರದಿದ್ದರೂ ಕಾರ್ಯಕ್ರಮಗಳು ನಿಂತಿರುತ್ತವೆ, ಓದುವವರ ನಡುವೆ ಮಕ್ಕಳನ್ನು ಸುಮ್ಮನಿರಿಸುವುದೇ ನಿನಗೆ ಕೆಲಸವಾಗುತ್ತದೆ.

ಕಾಲೇಜಿನ ದೀರ್ಘ ರಜೆಯಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಖಾಲಿಬಿದ್ದ ಹಾಸ್ಟೆಲ್ ಕೋಣೆಗಳನ್ನು ಕೆಲವು ಕಡೆ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಹಲವು ಕಾಲೇಜುಗಳಲ್ಲಿ ಈ ಪದ್ಧತಿ ಇದೆ. ಆದರೆ ಆಗ ಕ್ಯಾಂಟೀನು ಮುಚ್ಚಿರಬಹುದು, ಕ್ಯಾಂಪಸ್ ಬಸ್ಸು ವಿರಳವಾಗುತ್ತದೆ, ಸಂಜೆಯ ಸಂಗೀತ ಕಚೇರಿ ಇರುವುದಿಲ್ಲ. ನನ್ನನ್ನು ಕೇಳಿದರೆ, ತರಗತಿಗಳು ಶುರುವಾಗಿ ಮೂರು ನಾಲ್ಕು ವಾರ ಕಳೆದು, ಪರೀಕ್ಷೆಗೆ ಇನ್ನೂ ಸಮಯವಿರುವ, ಪಂದ್ಯವಿಲ್ಲದ ವಾರವೇ ಒಳ್ಳೆಯದು. ಮಕ್ಕಳ ಶಾಲೆಯ ರಜೆ ಅಂಥ ವಾರಕ್ಕೆ ಹೊಂದಿದರೆ ಬುಧವಾರ ಬೆಳಗ್ಗೆ ಹೊರಟು ಗುರುವಾರ ಸಂಜೆ ವಾಪಸಾಗು. ಬೆಳಗ್ಗೆ ಏಳಕ್ಕೆ ಹೊರಟರೆ ಒಂದೇ ರಾತ್ರಿಯ ಬಾಡಿಗೆಯಲ್ಲಿ ಎರಡು ಪೂರ್ತಿ ಹಗಲು ಸಿಗುತ್ತವೆ. ಸೋಮವಾರ ಬೇಡ, ಬಹಳಷ್ಟು ವಸ್ತುಸಂಗ್ರಹಾಲಯಗಳಿಗೆ ಅಂದು ವಾರದ ರಜೆ.

ತಾರೀಕು ಗಟ್ಟಿಯಾದ ಮೇಲೆ ರೂಮಿನ ಮಾತು. ಆರು ವಾರ ಮೊದಲೇ ಹಿಡಿದಿಡು, ಆದರೆ ಹಣ ವಾಪಸು ಬರುವ ಬುಕ್ಕಿಂಗ್ ಮಾತ್ರ ಮಾಡು. ಹಣ ವಾಪಸಿಲ್ಲದ ರೂಮು ಸ್ವಲ್ಪ ಅಗ್ಗವಾಗಿ ಕಾಣುತ್ತದೆ. ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೊರಡುವ ಹಿಂದಿನ ದಿನ ಒಬ್ಬರಿಗೆ ಜ್ವರ ಬಂದರೂ ಪೂರ್ತಿ ದುಡ್ಡು ಹೋಗುತ್ತದೆ. ವಿಶ್ವವಿದ್ಯಾಲಯದ್ದೇ ಗೆಸ್ಟ್ ಹೌಸ್ ಇದೆಯೇ, ಹೊರಗಿನವರಿಗೆ ಕೊಡುತ್ತಾರೆಯೇ ಎಂದು ಮೊದಲು ವಿಚಾರಿಸು. ದರ ಹೋಲಿಸುವಾಗ ಪರದೆಯ ಮೇಲೆ ಕಾಣುವ ಮೊದಲ ಅಂಕಿ ನಂಬಬೇಡ. ತೆರಿಗೆ, ಪಾರ್ಕಿಂಗ್, ಹೆಚ್ಚುವರಿ ಹಾಸಿಗೆ, ಬೆಳಗಿನ ತಿಂಡಿ ಎಲ್ಲ ಸೇರಿಸಿ ಐದು ಜನಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಬರೆದುಕೋ. ಊರಾಚೆಯ ಅಗ್ಗದ ರೂಮಿನ ಲೆಕ್ಕ ಇಲ್ಲೇ ತಪ್ಪುವುದು. ದಿನಕ್ಕೆರಡು ಸಲ ಓಡಾಟ, ಕ್ಯಾಂಪಸ್ಸಿನಲ್ಲಿ ಪಾರ್ಕಿಂಗ್ ಶುಲ್ಕ, ಮಧ್ಯಾಹ್ನ ಮಲಗಬೇಕಾದ ಮಗು ಕಾರಿನಲ್ಲೇ ರಚ್ಚೆ ಹಿಡಿಯುವುದು, ಇವೆಲ್ಲ ಸೇರಿದರೆ ಕ್ಯಾಂಪಸ್ಸಿನ ಗೇಟಿಗೆ ಹದಿನೈದು ನಿಮಿಷದ ನಡಿಗೆಯಲ್ಲಿರುವ ರೂಮೇ ಮೇಲು. ಫೋನ್ ಮಾಡಿದಾಗ ಇನ್ನೊಂದು ಮಾತು ಕೇಳು: ರೂಮು ಯಾವ ಕಡೆಗಿದೆ? ವಿದ್ಯಾರ್ಥಿಗಳು ಸೇರುವ ಬೀದಿಗೆ ಮುಖ ಮಾಡಿದ್ದರೆ ನಡುರಾತ್ರಿ ದಾಟಿದರೂ ಗದ್ದಲ ನಿಲ್ಲುವುದಿಲ್ಲ. ಹಿಂಬದಿಯ ರೂಮು ಕೇಳಿ ತೆಗೆದುಕೋ. ಅತ್ತೆಯವರೂ ಬರುವುದಾದರೆ ಕೆಳಮಹಡಿ ಅಥವಾ ಲಿಫ್ಟ್ ಇರುವ ಕಡೆ.

ಕಾರೋ ಬಸ್ಸೋ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸು. ಒಂದು ದಿಕ್ಕಿಗೆ 120 ಕಿ.ಮೀ. ಎಂದಿಟ್ಟುಕೋ. ಹೋಗಿಬರಲು 240, ಊರೊಳಗಿನ ಸುತ್ತಾಟಕ್ಕೆ 50, ಒಟ್ಟು 290. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ ಸುಮಾರು 20 ಲೀಟರ್ ಇಂಧನ. ಅದಕ್ಕೆ ಟೋಲು, ಎರಡು ದಿನದ ಪಾರ್ಕಿಂಗ್ ಕೂಡಿಸಿ ಐದು ಟಿಕೆಟ್ಟಿನ ಪಕ್ಕ ಇಟ್ಟು ನೋಡು. ಕಾರಿನಲ್ಲಿ ಹೋದರೆ ಪಾರ್ಕಿಂಗ್ ಫಲಕವನ್ನು ಕೊನೆಯ ಸಾಲಿನವರೆಗೂ ಓದಬೇಕು. ಕ್ಯಾಂಪಸ್ಸುಗಳಲ್ಲಿ ಎಷ್ಟೋ ಜಾಗ ಸಿಬ್ಬಂದಿಯ ಪರವಾನಗಿಗೆ ಮೀಸಲು. ಸಂಜೆಯ ಮೇಲೆ ಅಥವಾ ವಾರಾಂತ್ಯದಲ್ಲಿ ಮಾತ್ರ ಅಲ್ಲಿ ಬೇರೆಯವರಿಗೆ ಅವಕಾಶವಿರುತ್ತದೆ. ಖಾಲಿ ಇದೆಯಲ್ಲ ಎಂದು ಹಗಲಿನಲ್ಲಿ ನಿಲ್ಲಿಸಿದರೆ ತೆರುವ ದಂಡಕ್ಕೆ ಒಂದು ದಿನದ ಊಟದ ದುಡ್ಡು ಹೋಗಬಹುದು. ಅಂಚಿನ ಸಂದರ್ಶಕರ ಪಾರ್ಕಿಂಗಿನಲ್ಲಿ ಬಿಟ್ಟು, ಕ್ಯಾಂಪಸ್ ಬಸ್ಸಿನಲ್ಲಿ ಒಳಗೆ ಹೋಗುವುದು ಸುಲಭ. ಹಲವು ಕಡೆ ಆ ಬಸ್ಸಿಗೆ ದುಡ್ಡಿಲ್ಲ.

ಊಟಕ್ಕೆ ನಿನ್ನ ಅಂದಾಜನ್ನು ಯಾವಾಗಲೂ ಸ್ವಲ್ಪ ಹೆಚ್ಚಿಗೇ ಇಟ್ಟುಕೋ, ಮಕ್ಕಳಿದ್ದಾಗ ಅದು ಹಿಗ್ಗುತ್ತದೆ. ಬೆಳಗಿನ ತಿಂಡಿ ರೂಮಿನಲ್ಲೇ ಮುಗಿಸಿ, ದೊಡ್ಡ ಊಟ ಮಧ್ಯಾಹ್ನಕ್ಕಿಟ್ಟುಕೋ. ವಿದ್ಯಾರ್ಥಿಗಳ ಕ್ಯಾಂಟೀನು ಹೊರಗಿನವರಿಗೂ ತೆರೆದಿದ್ದರೆ ಅದಕ್ಕಿಂತ ಅಗ್ಗದ ಊಟ ಊರಿನಲ್ಲಿ ಸಿಗುವುದು ಕಷ್ಟ. ಕೆಲವು ಕಡೆ ವಿದ್ಯಾರ್ಥಿ ಕಾರ್ಡಿನಿಂದ ಮಾತ್ರ ಪಾವತಿ ಆಗುತ್ತದೆ, ಆದ್ದರಿಂದ ತಟ್ಟೆ ಹಿಡಿಯುವ ಮೊದಲೇ ಬಾಗಿಲಲ್ಲಿ ಕೇಳಿಬಿಡು. ತರಗತಿ ಬಿಟ್ಟ ಕೂಡಲೇ ಸಾಲು ಬಾಗಿಲಾಚೆಗೆ ಬೆಳೆಯುತ್ತದೆ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗಲೇ ಹೋದರೆ ಐವರಿಗೂ ಒಂದೇ ಮೇಜು ಸಿಗುತ್ತದೆ.

ಇನ್ನು ನೋಡುವುದು. ಕಾಲೇಜು ಊರಿನ ನಿಜವಾದ ಸಂಪತ್ತು ಇಲ್ಲಿದೆ, ಆದ್ದರಿಂದ ಸಮಯವನ್ನೆಲ್ಲ ಇಲ್ಲಿಗೇ ಕೊಡು.

ಮೊದಲ ಬೆಳಗ್ಗೆ ಸಸ್ಯೋದ್ಯಾನ. ವಿಶ್ವವಿದ್ಯಾಲಯಗಳ ಹಳೆಯ ಸಸ್ಯೋದ್ಯಾನಗಳು ವೈದ್ಯ ವಿದ್ಯಾರ್ಥಿಗಳಿಗೆ ಮದ್ದಿನ ಗಿಡಗಳ ಗುರುತು ಹಿಡಿಯಲು ಕಲಿಸಲು ಹುಟ್ಟಿದವು. ಇಟಲಿಯ ಪಾಡುವಾ ವಿಶ್ವವಿದ್ಯಾಲಯದ ತೋಟ 1545ರದು, ಇಂದಿಗೂ ಅದೇ ಜಾಗದಲ್ಲಿದೆ. ನೆದರ್ಲೆಂಡ್ಸ್‌ನ ಲೈಡನ್ನಿನದು 1590ರದು. ಹಾಗಾಗಿ ಇಂಥ ತೋಟದಲ್ಲಿ ಗಿಡಗಳನ್ನು ಅಂದಕ್ಕೆ ಮಾತ್ರ ನೆಟ್ಟಿರುವುದಿಲ್ಲ, ಎಷ್ಟೋ ಕಡೆ ಸಸ್ಯಕುಟುಂಬವಾರು ಪಾತಿ ಮಾಡಿ ಕೂರಿಸಿರುತ್ತಾರೆ. ಪ್ರತಿ ಗಿಡದ ಬುಡದ ಫಲಕವನ್ನು ಮಕ್ಕಳ ಹತ್ತಿರ ಓದಿಸು. ಓರೆ ಅಕ್ಷರದಲ್ಲಿರುವುದು ವೈಜ್ಞಾನಿಕ ಹೆಸರು. 'ಏಸಿಯೇ' ಎಂದು ಮುಗಿಯುವುದು ಕುಟುಂಬದ ಹೆಸರು. ಸೊಲನೇಸಿಯೇ ಪಾತಿಯ ಮುಂದೆ ನಿಲ್ಲಿಸಿ ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲವೂ ನೆಂಟರು ಎಂದು ಹೇಳು. ಹೂಗಳನ್ನು ಒಂದರ ಪಕ್ಕ ಒಂದು ನೋಡಿದರೆ ಐದು ಮೂಲೆಯ ಆ ಒಂದೇ ಅಚ್ಚು ಅವರಿಗೇ ಕಾಣುತ್ತದೆ. ಫಲಕದ ಮೂಲೆಯಲ್ಲಿ ಸಣ್ಣದಾಗಿ ಒಂದು ಸಂಖ್ಯೆಯೂ ಇರುತ್ತದೆ. ಬಹಳಷ್ಟು ತೋಟಗಳಲ್ಲಿ ಅದರ ಮೊದಲ ಭಾಗ ಆ ಗಿಡ ತೋಟದ ದಾಖಲೆಗೆ ಸೇರಿದ ವರ್ಷ. ತನಗಿಂತ ಹಿರಿಯ ಗಿಡ ಯಾವುದು, ಅಜ್ಜಿಗಿಂತ ಹಿರಿಯ ಮರ ಯಾವುದು ಎಂದು ಹುಡುಕಲು ಬಿಡು, ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಮುಟ್ಟುವುದು, ಕೀಳುವುದು ಬೇಡ ಎಂದು ಮೊದಲೇ ಹೇಳಿಡು. ಮದ್ದಿನ ಪಾತಿಯಲ್ಲಿ ವಿಷದ ಗಿಡಗಳೂ ಇರುತ್ತವೆ.

ವಸ್ತುಸಂಗ್ರಹಾಲಯಕ್ಕೆ ಮಧ್ಯಾಹ್ನ ಊಟವಾದ ಮೇಲೆ ಹೋಗು, ಒಂದೂವರೆ ಗಂಟೆ ಸಾಕು. ಆಕ್ಸ್‌ಫರ್ಡಿನ ಆಶ್ಮೋಲಿಯನ್ 1683ರಲ್ಲಿ ಜನರಿಗೆ ತೆರೆದದ್ದು, ಈಗ ಒಳಗೆ ಹೋಗಲು ಕಾಸಿಲ್ಲ. ಚಿಕ್ಕ ಊರುಗಳಲ್ಲೂ ಪ್ರಾಣಿಶಾಸ್ತ್ರ, ಭೂವಿಜ್ಞಾನ ವಿಭಾಗಗಳ ಸಂಗ್ರಹಗಳನ್ನು ಇದೇ ರೀತಿ ತೆರೆದಿಟ್ಟಿರುತ್ತಾರೆ. ಕಟ್ಟಡದ ಸಮಯ ಬೇರೆ, ಸಂಗ್ರಹದ ಸಮಯ ಬೇರೆ ಇರಬಹುದು. ಕೆಲವು ಸಂಗ್ರಹಗಳು ವಾರಕ್ಕೆ ಎರಡು ಮಧ್ಯಾಹ್ನ ಮಾತ್ರ ತೆರೆಯುತ್ತವೆ. ವಿಭಾಗದ ಕಚೇರಿಗೇ ಫೋನ್ ಮಾಡಿ ಖಚಿತಪಡಿಸಿಕೋ.

ಸಂಜೆ ಸಂಗೀತ ವಿಭಾಗದಲ್ಲಿ ವಿದ್ಯಾರ್ಥಿಗಳ ಸಂಗೀತ ಕಚೇರಿ ಇದ್ದರೆ ಬಿಡಬೇಡ. ಪದವಿಗಾಗಿ ನುಡಿಸುವ ಕಚೇರಿಗಳಿಗೆ ಹೆಚ್ಚಾಗಿ ಟಿಕೆಟ್ ಇರುವುದಿಲ್ಲ, ಅಭ್ಯಾಸ ಮಾತ್ರ ವರ್ಷಗಳದ್ದಿರುತ್ತದೆ. ಹಿಂದಿನ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕ ಕುಳಿತುಕೋ. ಮಗು ಚಡಪಡಿಸಿದರೆ ಒಂದು ಕೃತಿ ಮುಗಿದು ಚಪ್ಪಾಳೆ ಬಿದ್ದಾಗ ಎದ್ದುಹೋಗು, ನಡುವೆ ಬೇಡ. ಅಂದು ನುಡಿಸುವ ಹುಡುಗನಿಗೋ ಹುಡುಗಿಗೋ ಅದು ಪರೀಕ್ಷೆ.

ಖಗೋಳ ವೀಕ್ಷಣಾಲಯವಿದ್ದರೆ ಸಾರ್ವಜನಿಕರಿಗೆ ಬಿಡುವ ರಾತ್ರಿ ಯಾವುದೆಂದು ನೋಡು. ದೂರದರ್ಶಕದ ಗುಮ್ಮಟದೊಳಗೆ ಬೆಚ್ಚಗಿಡುವುದಿಲ್ಲ. ಒಳಗಿನ ಬಿಸಿಗಾಳಿ ಮೇಲೆದ್ದರೆ ಚಿತ್ರ ಕದಡುತ್ತದೆ, ಅದಕ್ಕೆ ಹೊರಗಿನ ಚಳಿಯೇ ಒಳಗೂ. ಬೆಚ್ಚನೆಯ ಬಟ್ಟೆ ಮರೆಯಬೇಡ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಮತ್ತೆ ಮೊದಲಿನಿಂದ. ಚಂದ್ರನನ್ನು ನೋಡಲು ಹುಣ್ಣಿಮೆಗಿಂತ ಅಷ್ಟಮಿಯ ಅರ್ಧಚಂದ್ರ ಮೇಲು, ಬೆಳಕು ಓರೆಯಾಗಿ ಬಿದ್ದು ಕುಳಿಗಳ ನೆರಳು ಎದ್ದು ಕಾಣುತ್ತದೆ. ಮೋಡ ಕವಿದರೆ ಕಾರ್ಯಕ್ರಮ ರದ್ದಾಗುತ್ತದೆ, ಅದಕ್ಕೆ ಇದನ್ನೇ ನಂಬಿ ಆ ಸಂಜೆಯನ್ನು ಖಾಲಿ ಬಿಡಬೇಡ.

ಹಾಸ್ಟೆಲ್‌ಗಳ ಒಳಗೆ, ತರಗತಿ ನಡೆಯುವ ಮಹಡಿಗಳಿಗೆ ಮಕ್ಕಳನ್ನು ಬಿಡಬೇಡ. ಗ್ರಂಥಾಲಯಕ್ಕೆ ಗುರುತಿನ ಚೀಟಿ ಕೇಳಬಹುದು, ದೊಡ್ಡವರೆಲ್ಲರದ್ದೂ ಇಟ್ಟುಕೋ. ಕ್ಯಾಂಪಸ್ಸು ನಕ್ಷೆಯಲ್ಲಿ ಚಿಕ್ಕದಾಗಿ ಕಂಡರೂ ಒಂದು ತುದಿಯಿಂದ ಇನ್ನೊಂದಕ್ಕೆ ಎರಡು ಮೂರು ಕಿ.ಮೀ. ಆಗುವುದುಂಟು. ಅತ್ತೆಯವರ ಮಂಡಿಗೆ ಇದು ಹೆಚ್ಚಾಗುತ್ತದೆ. ಹಗಲಿನಲ್ಲಿ ಎರಡೇ ಜಾಗ, ನಡುವೆ ಕೂರಲು ಕಲ್ಲುಬೆಂಚೋ ಹುಲ್ಲುಹಾಸೋ ಇರುವ ಕಡೆ ಅರ್ಧ ಗಂಟೆ. ಮೂರನೆಯದನ್ನು ತುರುಕಿದರೆ ಎಲ್ಲರೂ ಸಿಡುಕುತ್ತಾರೆ.

ದುಡ್ಡಿನ ವಿಷಯ. ಒಟ್ಟು ಎಷ್ಟು ಎಂದು ಮೊದಲೇ ನಿರ್ಧರಿಸಿ, ರೂಮು ಮತ್ತು ಪ್ರಯಾಣ ಎರಡೂ ಸೇರಿ ಅದರ ಶೇಕಡ 60 ದಾಟದಂತೆ ನೋಡಿಕೋ. ಊಟಕ್ಕೆ 25. ಉಳಿದ 15 ಮುಟ್ಟಬೇಡ, ಔಷಧಿಗೋ ಪಂಕ್ಚರಿಗೋ ಬೇಕಾಗುತ್ತದೆ. ರೂಮೊಂದೇ ಅರ್ಧ ನುಂಗುತ್ತಿದ್ದರೆ ಊಟ ಕಡಿಮೆ ಮಾಡಲು ಹೋಗಬೇಡ, ತಾರೀಕು ಮುಂದೆ ಹಾಕು. ಕಾಲೇಜಿನ ಲಾಂಛನವಿರುವ ಅಂಗಿ, ಟೋಪಿಗಳ ಅಂಗಡಿ ಮಕ್ಕಳನ್ನು ಸೆಳೆಯುತ್ತದೆ. ತಲೆಗೊಂದೇ ಸಾಮಾನು, ಇಷ್ಟೇ ಮೊತ್ತ ಎಂದು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗು.

ಎರಡನೆಯ ದಿನ ರೂಮು ಬಿಡುವ ಹೊತ್ತಿಗೆ ಸಾಮಾನು ಇಟ್ಟುಕೊಳ್ಳುತ್ತಾರಾ ಎಂದು ಬುಕ್ಕಿಂಗ್ ಮಾಡುವಾಗಲೇ ಕೇಳು. ಬಸ್ಸಿನಲ್ಲಿ ಹೋಗಿದ್ದರೆ ಇದು ಮುಖ್ಯ, ಚೀಲ ಹೊತ್ತುಕೊಂಡು ಐದು ಜನ ವಸ್ತುಸಂಗ್ರಹಾಲಯ ಸುತ್ತಲಾಗುವುದಿಲ್ಲ. ಹಿಂತಿರುಗುವ ಬಸ್ಸನ್ನು ಸಂಜೆ ತರಗತಿ ಬಿಡುವ ಸಮಯಕ್ಕೆ ಇಟ್ಟುಕೊಳ್ಳಬೇಡ, ನಿಲ್ಲಲೂ ಜಾಗ ಇರುವುದಿಲ್ಲ. ಒಂದು ಗಂಟೆ ಮುಂಚಿನದು ಹಿಡಿ.

ಎರಡು ಮೂರು ತಾರೀಕು ನೋಡಿ ಬರೆ, ಅಳಿಯಂದಿರಿಗೂ ಇದನ್ನು ಓದಲು ಕೊಡು. ಅತ್ತೆಯವರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ನಿನ್ನ ಅಮ್ಮ